ಇಶಾನ್‌ಗೆ ಸಿಕ್ಕ ಮೇಷ್ಟ್ರು ಬಿಡದಿಯ ಮಕ್ಕಳಿಗೆ ಸಿಗುವರೇ?

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಟೊಯೊಟಾ ಕಾರ್ಖಾನೆಯಿದೆ. ಆ ಕಂಪೆನಿಯ ಉತ್ಪಾದನಾ ಪದ್ಧತಿಯನ್ನು ರೂಪಿಸಿದ ಜಪಾನಿನ ತಾಯಿಚಿ ಓನೊ ಒಂದು ಸರಳ ಪಾಠ ಕಲಿಸಿದ್ದರು: ಯಂತ್ರ ನಿಂತರೆ ‘ಯಾಕೆ’ ಎಂದು ಐದು ಸಲ ಕೇಳಿರಿ, ಮೊದಲ ಉತ್ತರಕ್ಕೇ ತೃಪ್ತರಾಗಬೇಡಿ. ಈ ಕಾರ್ಖಾನೆಗಳಲ್ಲಿ ಶಿಫ್ಟ್ ಮೇಲೆ ದುಡಿಯುವವರ ಮಗುವೊಂದು ನಾಲ್ಕನೇ ತರಗತಿಗೆ ಬಂದರೂ ಒಂದು ಸಾಲು ಓದಲಾರದೆ ಹೋದರೆ ನಾವು ಎಷ್ಟು ಸಲ ‘ಯಾಕೆ’ ಎಂದು ಕೇಳುತ್ತೇವೆ? ದಡ್ಡ, ಸೋಮಾರಿ, ಮನೆಯಲ್ಲಿ ಹೇಳಿಕೊಡುವವರಿಲ್ಲ ಎಂಬ ಮೊದಲ ಉತ್ತರಕ್ಕೇ ವಿಚಾರಣೆ ಮುಗಿದುಹೋಗುತ್ತದೆ.

ಈ ಪ್ರಶ್ನೆಯನ್ನು ದೇಶದ ಮನೆಮನೆಗೆ ತಲುಪಿಸಿದ ಚಿತ್ರ ‘ತಾರೆ ಜಮೀನ್ ಪರ್’. ರಾಮನಗರ ಪ್ರತ್ಯೇಕ ಜಿಲ್ಲೆಯಾದ 2007ರಲ್ಲೇ ಅದು ತೆರೆಗೆ ಬಂದಿತು. ಅಮೋಲ್ ಗುಪ್ತೆ ಬರೆದು, ಆಮಿರ್ ಖಾನ್ ನಿರ್ದೇಶಿಸಿದ ಈ ಚಿತ್ರದ ಇಶಾನ್ ಎಂಬ ಬಾಲಕನಿಗೆ ಅಕ್ಷರಗಳು ಕುಣಿಯುತ್ತವೆ. ತಂದೆ ಅವನನ್ನು ದೂರದ ವಸತಿ ಶಾಲೆಗೆ ದಬ್ಬುತ್ತಾನೆ. ಅಲ್ಲಿಗೆ ಬಂದ ಚಿತ್ರಕಲೆಯ ಮೇಷ್ಟ್ರು ನಿಕುಂಭ್ ಅವನ ತೊಂದರೆಯ ಹೆಸರು ಡಿಸ್ಲೆಕ್ಸಿಯಾ ಎಂದು ಗುರುತಿಸುತ್ತಾರೆ. ಓದಲಾರದ ಮಗು ಹಟಮಾರಿಯಲ್ಲ ಎಂದು ಲಕ್ಷಾಂತರ ತಂದೆತಾಯಿಯರಿಗೆ ಮನವರಿಕೆ ಮಾಡಿದ ಈ ಚಿತ್ರದ ಋಣ ದೊಡ್ಡದು. ಆದರೆ ಅದನ್ನು ಬಿಡದಿಯ ಬೀದಿಯಲ್ಲಿ ನಿಂತು ನೋಡಿದಾಗ ನಮಗೆ ಮೂರು ತಕರಾರುಗಳು ಏಳುತ್ತವೆ.

ಮೊದಲನೆಯದು, ನಿರ್ಣಯದ ಅವಸರ. ನಿಕುಂಭ್ ಹಳೆಯ ನೋಟ್‌ಪುಸ್ತಕಗಳನ್ನು ತಿರುವಿ, ತಲೆಕೆಳಗಾದ ಅಕ್ಷರಗಳನ್ನು ಕಂಡು ಕಾರಣ ಹೇಳಿಬಿಡುತ್ತಾರೆ. ಕಥೆಗೆ ಅದು ಸಾಕು, ಮಗುವಿಗೆ ಸಾಲದು. ಕಲಿಕಾ ನ್ಯೂನತೆಯನ್ನು ಗುರುತಿಸಲು ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಹಂತಹಂತದ ದಾರಿ ಹೇಳಿತ್ತು. ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಶಿಕ್ಷಕರು ಪ್ರಾಥಮಿಕ ತಪಾಸಣೆ ಮಾಡಬೇಕು. ಮಕ್ಕಳ ವೈದ್ಯರು ಕಣ್ಣು, ಕಿವಿ ಸರಿಯಿದೆಯೇ ಎಂದು ನೋಡಿಸಬೇಕು. ಆಮೇಲೆ ಮನಶ್ಶಾಸ್ತ್ರಜ್ಞರ ಪರೀಕ್ಷೆ. ಕನ್ನಡಕ ಬೇಕಾದ ಮಗುವಿಗೆ ಡಿಸ್ಲೆಕ್ಸಿಯಾ ಎಂಬ ಪಟ್ಟ ಕಟ್ಟುವುದೂ ಅನ್ಯಾಯವೇ.

ಇನ್ನೊಂದು ಮಾತು. ಇಂಗ್ಲಿಷಿನ ‘ಬಿ’ ಮತ್ತು ‘ಡಿ’ ಅದಲುಬದಲಾಗುವುದನ್ನು ಚಿತ್ರದಿಂದ ಕಲಿತ ಶಿಕ್ಷಕರು ಕನ್ನಡದ ಪುಸ್ತಕದಲ್ಲೂ ಅದನ್ನೇ ಹುಡುಕಿದರೆ ಏನೂ ಸಿಗದು. ಕನ್ನಡದಲ್ಲಿ ಮಗು ಎಡವುವುದು ಒತ್ತಕ್ಷರದಲ್ಲಿ, ದೀರ್ಘದಲ್ಲಿ, ಗುಣಿತದಲ್ಲಿ. ಆದ್ದರಿಂದಲೇ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷಾ ಸಾಧನ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಸಿದ್ಧವಾದದ್ದು ಮುಖ್ಯ ಸಂಗತಿ.

ಎರಡನೆಯ ತಕರಾರು ಭಾಷೆಯದು. ಬಿಡದಿ, ರಾಮನಗರ, ಚನ್ನಪಟ್ಟಣದ ಎಷ್ಟೋ ಮುಸ್ಲಿಂ ಮಕ್ಕಳಿಗೆ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಬೆಳಿಗ್ಗೆ ಮದ್ರಸದಲ್ಲಿ ಅರಬಿ. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಕೆಲಸ ಅರಸಿ ಬೇರೆ ರಾಜ್ಯಗಳಿಂದ ಬಂದವರ ಮಕ್ಕಳ ಪಾಡೂ ಇಂಥದ್ದೇ. ಇಲ್ಲಿ ತಪ್ಪು ಎರಡು ಕಡೆಯಿಂದಲೂ ಆಗಬಹುದು. ಕನ್ನಡ ಇನ್ನೂ ಒಗ್ಗದ ಮಗುವನ್ನು ನ್ಯೂನತೆಯುಳ್ಳ ಮಗು ಎನ್ನಬಹುದು. ನಿಜವಾದ ನ್ಯೂನತೆಯಿರುವ ಮಗುವನ್ನು ‘ಉರ್ದುವಿನವರು, ಹಾಗೇ’ ಎಂದು ಕೈಬಿಡಬಹುದು. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಯಾವ ದಾಖಲೆಯಲ್ಲೂ ಬರುವುದಿಲ್ಲ.

ಇದನ್ನು ಬಿಡಿಸುವುದು ಹೇಗೆ? ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಾತಾಡಿಸಬೇಕು. ಎಷ್ಟು ದಿನ ಶಾಲೆ ತಪ್ಪಿದೆ ಎಂದು ನೋಡಬೇಕು. ಕೆಲವು ತಿಂಗಳು ಶ್ರದ್ಧೆಯಿಂದ ಕಲಿಸಿ ಫಲ ಗಮನಿಸಬೇಕು. ಮತ್ತೊಬ್ಬ ಸಾಕ್ಷಿಯೂ ಇದ್ದಾರೆ, ಅವರನ್ನು ಯಾರೂ ಕೇಳುವುದಿಲ್ಲ: ಮದ್ರಸದ ಹಜ್ರತ್. ಕಿವಿಯಲ್ಲಿ ಕೇಳಿದ ಸೂರಾವನ್ನು ತಪ್ಪಿಲ್ಲದೆ ಒಪ್ಪಿಸುವ ಮಗು ಅದನ್ನೇ ಪುಸ್ತಕ ನೋಡಿ ಓದುವಾಗ ಪ್ರತಿ ಅಕ್ಷರಕ್ಕೂ ತಡವರಿಸುತ್ತಿದ್ದರೆ, ನೆನಪು ಚುರುಕಾಗಿದೆ, ತೊಡಕಿರುವುದು ಅಕ್ಷರ ಬಿಡಿಸುವಲ್ಲಿ ಎಂಬ ಸುಳಿವು ಅಲ್ಲಿದೆ. ಶಾಲೆಯ ಮೇಷ್ಟ್ರು ಮತ್ತು ಹಜ್ರತ್ ಅರ್ಧ ಗಂಟೆ ಕೂತು ಮಾತಾಡಿದರೆ ತಪಾಸಣೆಯ ಮೊದಲ ಪುಟ ತುಂಬುತ್ತದೆ.

ಮೂರನೆಯ ತಕರಾರು ಚಿತ್ರದ ಅಂತ್ಯದ್ದು. ಇಶಾನ್ ಚಿತ್ರಸ್ಪರ್ಧೆಯಲ್ಲಿ ಗೆಲ್ಲುತ್ತಾನೆ, ತಂದೆತಾಯಿಯ ಕಣ್ಣು ತುಂಬುತ್ತದೆ. ಆದರೆ ಚಿತ್ರ ಬರೆಯಲು ಬಾರದ, ಹಾಡಲಾರದ, ಓಟದಲ್ಲಿ ಗೆಲ್ಲದ ಸಾಧಾರಣ ಮಗುವಿಗೆ ಡಿಸ್ಲೆಕ್ಸಿಯಾ ಇದ್ದರೆ? ಅದು ಗೌರವಕ್ಕೆ ಅರ್ಹವಲ್ಲವೇ? ಕಲಿಯುವ ಹಕ್ಕು ಬಹುಮಾನವಾಗಿ ಬರುವಂಥದ್ದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಿ ಅವರ ವಿಶೇಷ ಅಗತ್ಯಗಳನ್ನು ತಿಳಿಯಬೇಕೆಂದು ಅದರ 17ನೇ ಕಲಮು ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. ಚಿತ್ರ ನಮಗೆ ಒಬ್ಬ ದೇವದೂತನಂಥ ಮೇಷ್ಟ್ರನ್ನು ಕೊಟ್ಟಿತು. ನಮಗೆ ಬೇಕಾದದ್ದು ಭರ್ತಿಯಾದ ಹುದ್ದೆ. 2025ರಲ್ಲಿ ‘ಸಿತಾರೆ ಜಮೀನ್ ಪರ್’ ಬಂದಾಗಲೂ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯಿಂದ ಹುದ್ದೆ ಭರ್ತಿಯಾಗುವುದಿಲ್ಲ.

ಸರಕಾರವನ್ನಷ್ಟೇ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಪರೀಕ್ಷೆಗೆಂದು ಬೆಂಗಳೂರಿಗೆ ಮೂರ್ನಾಲ್ಕು ಸಲ ಅಲೆಯುವುದೆಂದರೆ ಗುತ್ತಿಗೆ ಕಾರ್ಮಿಕನಿಗೆ ಅಷ್ಟು ದಿನದ ಕೂಲಿ ಖೋತಾ. ಅದಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ಮಗುವಿಗೆ ಸರ್ಟಿಫಿಕೇಟ್ ಮಾಡಿಸಿದರೆ ಊರವರು ಏನೆಂದಾರು, ಅಕ್ಕನ ಮದುವೆಗೆ ತೊಂದರೆಯಾದೀತೆ ಎಂಬ ಅಂಜಿಕೆ. ಆ ಕಾಗದವಿದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ ಎಂಬುದು ಎಷ್ಟು ಮನೆಗಳಿಗೆ ಗೊತ್ತು?

ಅಂಧರಾದ ಅಬ್ದುಲ್ಲಾ ಇಬ್ನ್ ಉಮ್ಮೆ ಮಕ್ತೂಮ್ ಕಲಿಯುವ ಹಂಬಲದಿಂದ ಪ್ರವಾದಿವರ್ಯರ(ಸ) ಬಳಿಗೆ ಬಂದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಕುರೈಶ್ ಪ್ರಮುಖರ ಜೊತೆಗಿನ ಮಾತಿಗಿಂತ ಆ ಒಬ್ಬ ಕಲಿಕಾರ್ಥಿಯೇ ಮುಖ್ಯ ಎಂದು ಪವಿತ್ರ ಕುರ್‌ಆನ್‌ನ ‘ಅಬಸ’ ಅಧ್ಯಾಯ ತಿದ್ದಿ ಹೇಳಿತು. ಮುಂದೆ ಅವರೇ ಮದೀನಾದ ಮುಅದ್ಸಿನ್ ಆದರು. ಈ ಪ್ರಸಂಗವನ್ನು ವರ್ಷವರ್ಷವೂ ಪ್ರವಚನದಲ್ಲಿ ಕೇಳುವ ಸಮುದಾಯ ತನ್ನ ಮೊಹಲ್ಲಾದಲ್ಲಿ ಓದಲಾಗದೆ ತಲೆತಗ್ಗಿಸಿ ಕೂತ ಮಗುವನ್ನು ದಾಟಿ ಹೋಗಬಾರದು. ಮಸೀದಿಯ ಕಮಿಟಿ ಒಂದು ಭಾನುವಾರ ಶಿಕ್ಷಕರನ್ನು, ಹಜ್ರತರನ್ನು, ಪೋಷಕರನ್ನು ಒಟ್ಟಿಗೆ ಕೂರಿಸಲಿ. ಬೆಂಗಳೂರಿನ ಓಡಾಟದ ಖರ್ಚನ್ನು ಬೈತುಲ್ಮಾಲ್‌ನಿಂದ ಕೊಡಲಿ. ಅಷ್ಟಾದರೆ ಎರಡನೆಯ ‘ಯಾಕೆ’ಯನ್ನಾದರೂ ನಾವು ಕೇಳಿದಂತಾಗುತ್ತದೆ.