ನಂಜಮ್ಮನ ಲೆಕ್ಕ, ನಮ್ಮ ಚರಿತ್ರೆಯ ಪಾಠ

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು (1970) ನಾವು ಸಾಮಾನ್ಯವಾಗಿ ನಂಜಮ್ಮನ ಸಂಕಟದ ಕಥೆಯಾಗಿ ಓದುತ್ತೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಶಾಲೆಗಳಲ್ಲಿ ಅದನ್ನು ಚರಿತ್ರೆಯಾಗಿಯೂ ಓದಿಸಬೇಕೆಂದು ನನಗನ್ನಿಸುತ್ತದೆ. ಕಾದಂಬರಿ ನಡೆಯುವುದೂ ಇದೇ ಸೀಮೆಯಲ್ಲಿ, ಕಳೆದ ಶತಮಾನದ ಇಪ್ಪತ್ತು–ನಲವತ್ತರ ದಶಕಗಳ ನಡುವೆ.

ಇಲ್ಲಿಯ ಮಕ್ಕಳಿಗೆ ನಾಳೆಯ ಅನಿಶ್ಚಿತತೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಅದು ಅವರ ಮನೆಯ ಅಟ್ಟದ ಮೇಲೆಯೇ ಇದೆ. ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ದರ ಎಲ್ಲಿರುತ್ತದೋ ಬಲ್ಲವರಿಲ್ಲ. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದಾಗ ತಿಪಟೂರಿನ ಮಾರುಕಟ್ಟೆ ಅದಕ್ಕಿಂತ ಕೆಳಗಿತ್ತು. 2025ರಲ್ಲಿ ಅದೇ ಕೊಬ್ಬರಿ ಅದರ ಎರಡು ಪಟ್ಟನ್ನು ದಾಟಿತು. ಇದಕ್ಕೆಲ್ಲ ಮೊದಲು, 2020ರಲ್ಲಿ, ಶಾಲೆಯ ಬಾಗಿಲೇ ಮುಚ್ಚಿತ್ತು.

ಇಂಥ ಮಕ್ಕಳಿಗೆ ನಾವು ಕೊಡುವ ಚರಿತ್ರೆ ಯಾವುದು? ರಾಜವಂಶ, ಯುದ್ಧ, ಇಸವಿ. ಅರಳಗುಪ್ಪೆಯ ಕಲ್ಲೇಶ್ವರ, ತುರುವೇಕೆರೆಯ ಹೊಯ್ಸಳ ಗುಡಿಗಳು ಪಕ್ಕದಲ್ಲೇ ಇದ್ದರೂ ಪರೀಕ್ಷೆಗೆ ಬೇಕಾದದ್ದು ಕಟ್ಟಿಸಿದವರ ಹೆಸರಷ್ಟೇ. ಬರ ಬಂದಾಗ ಊರು ಏನು ಮಾಡಿತು ಎಂಬ ಪ್ರಶ್ನೆಗೆ ಅಲ್ಲಿ ಅಂಕವಿಲ್ಲ.

‘ಗೃಹಭಂಗ’ ಆ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ದಶಕಗಳ ಕಾಲ ಮೈಸೂರು ಸೀಮೆಯನ್ನು ಕಾಡಿತು. ಇಲಿ ಬಿದ್ದರೆ ಊರು ಬಿಡುವುದು, ಹೊರಗೆ ಗುಡಿಸಲು ಹಾಕಿಕೊಳ್ಳುವುದು, ಕಾಯುವುದು: ಇದೆಲ್ಲ ಜನ ಕಲಿತಿದ್ದ ವಿವೇಕ. ಭೈರಪ್ಪನವರು ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಇದೇ ರೋಗಕ್ಕೆ ಕಳೆದುಕೊಂಡವರು. ಆದರೂ ಬರವಣಿಗೆ ಎಲ್ಲೂ ಗೋಳಾಡುವುದಿಲ್ಲ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚುತ್ತಾಳೆ. ಕಾದಂಬರಿಯ ಗದ್ಯವೂ ಆ ಲೆಕ್ಕದ ಪುಸ್ತಕದಂತೆಯೇ ಇದೆ: ಬಂದದ್ದು, ಹೋದದ್ದು, ಉಳಿದದ್ದು.

ಒಂದು ಆಕ್ಷೇಪವೂ ಇದೆ. ಕಾದಂಬರಿ ಹೆಚ್ಚಾಗಿ ಶಾನುಭೋಗರ ಮನೆಯೊಳಗಿನಿಂದ ನೋಡುತ್ತದೆ. ಕೂಲಿಯವರಿಗೆ, ಊರಾಚೆಯ ಕೇರಿಗಳಿಗೆ ಅದೇ ಪ್ಲೇಗು ಹೇಗಿತ್ತೆಂಬುದು ಅಷ್ಟಾಗಿ ಕಾಣುವುದಿಲ್ಲ. ಆದರೆ ತರಗತಿಗೆ ಈ ಕೊರತೆಯೇ ಉಪಯೋಗಕ್ಕೆ ಬರುತ್ತದೆ. ಕಾಣದ ಭಾಗವನ್ನು ಮಕ್ಕಳು ತಮ್ಮ ಅಜ್ಜಿಯರನ್ನು, ಹಳೆಯ ಶಾಲಾ ದಾಖಲಾತಿಗಳನ್ನು ಕೇಳಿ ತುಂಬಿಕೊಳ್ಳಬಹುದು. ಯಾರ ಲೆಕ್ಕ ಬರೆಯಲ್ಪಟ್ಟಿದೆ, ಯಾರದು ಬಿಟ್ಟುಹೋಗಿದೆ ಎಂದು ಕೇಳಲು ಕಲಿತ ಹುಡುಗಿಗೆ ನಾಳೆ ಮೊಬೈಲಿನಲ್ಲಿ ಬರುವ ಸುದ್ದಿಯನ್ನೂ ಹಾಗೆಯೇ ಕೇಳಲು ಬರುತ್ತದೆ.

ಚರಿತ್ರೆ ಓದಿದರೆ ಮುಂದಿನ ವರ್ಷದ ಕೊಬ್ಬರಿ ದರ ತಿಳಿಯುವುದಿಲ್ಲ. ಕೊನೆಯಲ್ಲಿ ಉಳಿಯುವ ಮಗು ವಿಶ್ವನಿಗೆ ಕಾದಂಬರಿಯೂ ಯಾವ ಭರವಸೆಯನ್ನೂ ಕೊಡುವುದಿಲ್ಲ. ಮಾದೇವಯ್ಯನವರ ಜೊತೆ ಅವನು ಊರು ಬಿಡುತ್ತಾನೆ, ಅಷ್ಟೇ. ಆದರೆ ಇದೇ ನೆಲದಲ್ಲಿ, ಇದಕ್ಕಿಂತ ಕೆಟ್ಟ ಕಾಲದಲ್ಲೂ, ಒಬ್ಬಳು ಕೂತು ಲೆಕ್ಕ ಬರೆದಳು ಎಂದು ತಿಳಿದ ಮಗು ತನ್ನ ಕಷ್ಟವನ್ನು ಹಣೆಬರಹವೆಂದು ಒಪ್ಪಿಕೊಳ್ಳುವ ಮುನ್ನ ಒಮ್ಮೆ ಯೋಚಿಸುತ್ತದೆ. ಶಾಲೆ ಚರಿತ್ರೆಯಿಂದ ಕೊಡಬಹುದಾದದ್ದು ಇಷ್ಟು. ಇದು ಕಡಿಮೆಯೇನಲ್ಲ.