ಸಫೇದದ ಉಬ್ಬು, ಚಿನ್ನದ ರೇಕು

ಮೈಸೂರು ಶೈಲಿಯ ಹಳೆಯ ಚಿತ್ರಗಳು ಎಲ್ಲೆಲ್ಲಿ ಅಡಗಿ ಕೂತಿರುತ್ತವೋ ಹೇಳಲಾಗದು. ದೇವರ ಮನೆಯ ಮಸಿ ಹಿಡಿದ ಗೋಡೆ, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳ ಸಂದಿ, ಗುಜರಿ ಅಂಗಡಿಯ ಮುರುಕು ಕುರ್ಚಿಗಳ ಹಿಂದೆ. ನನಗೆ ಒಲಿದ ರಾಮ ಪಟ್ಟಾಭಿಷೇಕವಂತೂ ಅಚ್ಚಿನ ಲಕ್ಷ್ಮಿಯೊಬ್ಬಳ ಬೆನ್ನಿಗಿತ್ತು! ಪಟದ ಗಾಜು ಒಡೆದಿದೆಯೆಂದು ಕಟ್ಟು ಬಿಚ್ಚಿದರೆ, ಆಸರೆಗೆ ಕೊಟ್ಟ ಹಲಗೆಯೇ ಚಿತ್ರ. ಸಹಿ ಇಲ್ಲ. ಈ ಚಿತ್ರಗಳಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ.

ಕಿಟಕಿಯ ಓರೆ ಬೆಳಕಿಗೆ ಹಿಡಿದು ಸೀತೆಯ ಡಾಬನ್ನು ನೋಡಿ. ಸಾಸಿವೆಗಿಂತಲೂ ಸಣ್ಣ ಚುಕ್ಕೆಗಳು ಒಂದರ ಪಕ್ಕ ಒಂದು ಉಬ್ಬಿ ನಿಂತಿವೆ. ಸಫೇದದ ಪುಡಿ, ಗೋಂದು, ರೇವಲ್‌ಚಿನ್ನಿ ಹಾಲು ಸೇರಿಸಿ ನುಣ್ಣಗೆ ಅರೆದು, ಆ ಸರಿಯನ್ನು ಕುಂಚದ ತುದಿಯಿಂದ ಎತ್ತಿ ಎತ್ತಿ ಇಟ್ಟು, ಒಣಗಿದ ಮೇಲೆ ಅಪರಂಜಿಯ ರೇಕು ಹೊದಿಸಿದ ಕೆಲಸ. ಆಮೇಲೆ ತೆಳುವಾದ ಕಾಗದ ಮುಚ್ಚಿ, ನುಣುಪು ಕಲ್ಲಿನಿಂದ ಮೆಲ್ಲಗೆ, ತೀರ ಮೆಲ್ಲಗೆ, ಉಜ್ಜುತ್ತಾರೆ. ಆಗ ಮಾತ್ರ ಚಿನ್ನ ಹೀಗೆ ತಣ್ಣಗೆ ಹೊಳೆಯುತ್ತದೆ. ತಂಜಾವೂರಿನ ಪಟದಲ್ಲಿ ಉಬ್ಬು ದಪ್ಪ, ಗಾಜಿನ ಹರಳೂ ಉಂಟು. ಅದು ಬಾಗಿಲಿನಿಂದಲೇ ಕೂಗಿ ಕರೆಯುತ್ತದೆ. ಮೈಸೂರಿನದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ನನ್ನ ಒಲವು ಯಾವ ಕಡೆಗೆಂದು ಬೇರೆ ಹೇಳಬೇಕೇ?

ಹೆಸರಿಲ್ಲದವನ ಬೆನ್ನು ಹತ್ತುವುದು ಇನ್ನೊಂದು ಸುಖ. ಕಾಗದ ಬಿಡಿಯಾಗಿದ್ದರೆ ಬೆಳಕಿಗೆ ಹಿಡಿಯಬಹುದು. ವಿಲಾಯತಿ ಕಾಗದವಾದರೆ ಕೆಲವೊಮ್ಮೆ ನೀರಚ್ಚಿನಲ್ಲಿ ಇಸವಿಯೇ ಸಿಗುತ್ತದೆ, ಚಿತ್ರ ಅದಕ್ಕಿಂತ ಹಿಂದಿನದಲ್ಲ ಎಂದಾದರೂ ತಿಳಿಯುತ್ತದೆ. ಇಲ್ಲಿ ಕಾಗದವನ್ನು ಹಲಗೆಗೆ ಅಂಟಿಸಿದ್ದರಿಂದ ಆ ದಾರಿ ಮುಚ್ಚಿತ್ತು. ದೇವತೆ ಯಾರೆಂಬ ಗೊಂದಲವಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ' ಇದೆ. ಯಾವ ಮೂರ್ತಿಗೆ ಎಷ್ಟು ಕೈ, ಯಾವ ಆಯುಧ, ಯಾವ ಬಣ್ಣ, ಎಲ್ಲಕ್ಕೂ ಅದರಲ್ಲಿ ಲಕ್ಷಣವುಂಟು. ಆದರೆ ಪಟ್ಟಾಭಿಷೇಕಕ್ಕೆ ಯಾವ ಗ್ರಂಥ ಬೇಕು? ನಮಗೆ ಬೇಕಾದದ್ದು ಬರೆದವನ ಕೈ. ಅದಕ್ಕೆ 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯಂಥ ಕಡೆ ಹಳೆಯ ಚಿತ್ರಗಳ ಮುಂದೆ ನಿಂತು ಕಿವಿಯ ಸುರುಳಿ, ಬೆರಳಿನ ಬಾಗು, ಸೆರಗಿನ ನಿರಿಗೆಗಳನ್ನು ಕಣ್ಣಲ್ಲಿ ತುಂಬಿಕೊಳ್ಳಬೇಕು. ಕಾವಲುಗಾರರು ಅನುಮಾನದಿಂದ ನೋಡುತ್ತಾರೆ, ನೋಡಲಿ.

ಕೈ ಗುರುತು ನನ್ನ ಪಟದಲ್ಲಿ ಸಿಕ್ಕಿದ್ದು ರಾಮನಲ್ಲಲ್ಲ. ರಾಮ ಶಾಸ್ತ್ರಕ್ಕೆ ತಕ್ಕಂತೆ, ಹಸಿರು ಮಿಶ್ರಿತ ನೀಲಿಯಲ್ಲಿ, ಎದುರು ನೋಡುತ್ತ ಕೂತಿದ್ದಾನೆ. ಚಾಮರ ಬೀಸುವ ತಮ್ಮನೊಬ್ಬ ಮಾತ್ರ ಬೀಸುವುದನ್ನು ಮರೆತವನಂತೆ ಅಣ್ಣನ ಕಡೆ ಓರೆಯಾಗಿ ನೋಡುತ್ತಿದ್ದಾನೆ. ಕಾಡಿಗೆಯ ಗೆರೆ ಕಣ್ಣಿನ ಕೊನೆ ದಾಟಿ ಕೂದಲೆಳೆಯಷ್ಟು ಮೇಲಕ್ಕೆ ಜಿಗಿದಿದೆ. ಕೆಳಗೆ ಹನುಮಂತನ ಕಣ್ಣಲ್ಲೂ ಅದೇ ಜಿಗಿತ, ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ದ್ವಾರಪಾಲಕನಲ್ಲೂ ಅದೇ. ಇಂಥದೇ ಕಣ್ಣು ಇನ್ನೊಂದು ಪಟದಲ್ಲಿ ಸಿಕ್ಕರೆ ಗುರುತು ಹಿಡಿದೇನು.

ನಿಮ್ಮ ಮನೆಯ ಹಳೆಯ ಪಟಗಳ ಹಿಂಬದಿಯನ್ನೂ ಒಮ್ಮೆ ನೋಡಿ. ಒದ್ದೆ ಬಟ್ಟೆ ಮಾತ್ರ ಹತ್ತಿರ ತರಬೇಡಿ. ಗೋಂದಿನಲ್ಲಿ ಕಲಸಿದ ಬಣ್ಣ ನೀರು ಸೋಕಿದರೆ ಕದಡಿಹೋಗುತ್ತದೆ.