ನೀಲಿ ಬಟ್ಟಲಿನ ಋಣ

‘ಪ್ರಭಾವ’ ಎಂಬ ಮಾತನ್ನು ವಿಮರ್ಶಕರಾದ ನಾವು ಆಡುವಾಗ ಅದರಲ್ಲಿ ಒಂದು ತೀರ್ಪೂ ಅಡಗಿರುತ್ತದೆ: ಕೊಟ್ಟವನು ದೊಡ್ಡವನು, ಕೊಂಡವನು ಚಿಕ್ಕವನು. ವಿಯೆಟ್ನಾಮಿನ ಹಳೆಯ ಬಟ್ಟಲುಗಳ ಚಿತ್ರಗಳನ್ನು ಮೊದಲು ಕಂಡಾಗ ನಾನೂ ಹಾಗೆಯೇ ತೀರ್ಪಿತ್ತೆ. ಬಿಳಿಯ ಮೇಲೆ ನೀಲಿ, ಒಳಗೆ ಹೂಬಳ್ಳಿ, ಹೊರಮೈಗೆ ತಾವರೆಯ ಎಸಳು. ಎಲ್ಲವೂ ಚೀನದ್ದು, ಕೈ ಮಾತ್ರ ಒರಟು. ‘ಅಗ್ಗದ ನಕಲು’ ಎಂದುಕೊಂಡು ಪುಟ ಮಗುಚಿದೆ. ಆ ತೀರ್ಪು ತಪ್ಪೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಋಣವೇನೋ ನಿಜ. ಹತ್ತನೆಯ ಶತಮಾನದವರೆಗೆ ಆ ನಾಡು ಚೀನೀ ಆಳ್ವಿಕೆಯಲ್ಲಿತ್ತು. ಮಿಂಗ್ ದೊರೆಗಳ ಸೈನ್ಯ 1407ರಿಂದ 1427ರವರೆಗೆ ಮತ್ತೆ ಅಲ್ಲಿ ಬೀಡುಬಿಟ್ಟಿತ್ತು. ನೀಲಿಯ ಚಿತ್ತಾರ ಬಂದದ್ದು ಚೀನದಿಂದಲೇ. ಆದರೆ ಅದಕ್ಕೂ ಮೊದಲೇ, ಲೀ ಮತ್ತು ಚಾನ್ ಅರಸರ ಕಾಲದಲ್ಲಿ, ಕೆನೆಬಣ್ಣದ ಮೆರುಗನ್ನು ಕೆರೆದು ಅಲ್ಲಿ ಕಂದು ಬಣ್ಣ ತುಂಬುವ ಸ್ವಂತ ಕಲೆಯೊಂದು ಅಲ್ಲಿನ ಕುಂಬಾರರಿಗೆ ಕರಗತವಾಗಿತ್ತು. ಬರಿಗೈಯವರು ಸಾಲಕ್ಕೆ ಹೋದದ್ದಲ್ಲ.

ಈಗ ಬಟ್ಟಲನ್ನೇ ನೋಡೋಣ. ಚೀನದ ಜಿಂಗ್‌ದೆಝೆನ್‌ನಲ್ಲಿ ದೊರೆಯುತ್ತಿದ್ದಂಥ ಬೆಳ್ಳನೆಯ ಮಣ್ಣು ಕೆಂಪು ನದಿಯ ಬಯಲಿನ ಚು ದೌ ಕುಂಬಾರರಿಗೆ ಇರಲಿಲ್ಲ. ಅವರದು ಬೂದು ಛಾಯೆಯ ಮಣ್ಣು. ಅದಕ್ಕೆ ಬಿಳಿಮಣ್ಣಿನ ತೆಳುಲೇಪ ಕೊಟ್ಟು, ಅದರ ಮೇಲೆ ನೀಲಿ ಬರೆದು, ಮೆರುಗು ಹೊಯ್ದು ಸುಟ್ಟರು. ಆವಿಗೆಯಲ್ಲಿ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿದ ಗುರುತು ಎಷ್ಟೋ ಬಟ್ಟಲುಗಳ ಒಳತಳದಲ್ಲಿ ಉಳಿದಿದೆ. ಅಡಿಗೆ ಬಹಳ ಸಲ ಕಂದು ಬಣ್ಣ ಬಳಿದಿರುತ್ತಾರೆ. ಅದು ಅವರದೇ ವಾಡಿಕೆ. ಕುಂಚ ನಿಧಾನಿಸದೆ ಓಡುತ್ತದೆ. ಚೀನೀ ಬಳ್ಳಿ ಅಳತೆಗೆ ಸಿಕ್ಕಿ ನಿಂತಿದ್ದರೆ, ಇಲ್ಲಿನ ಬಳ್ಳಿ ಸ್ವಲ್ಪ ಹಿಡಿತ ತಪ್ಪಿ ಬೆಳೆದಂತಿದೆ. ನಾನು ಒರಟೆಂದು ಕಂಡದ್ದು ಈ ಓಟವನ್ನೇ.

ಇದೆಲ್ಲ ಗೆಲುವಿನ ಕತೆಯೆಂದು ಹೇಳಲಾರೆ. ಚೀನದ ಖಾಸಗಿ ಕಡಲ ವ್ಯಾಪಾರವನ್ನು ಮಿಂಗ್ ಅರಸರು 1371ರಲ್ಲಿ ನಿಷೇಧಿಸಿದ್ದರಿಂದ ತೆರವಾದ ಪೇಟೆಗಳು ಇವರ ಪಾಲಿಗೆ ಒದಗಿದವು. ಸುಮಾರು 500 ವರ್ಷಗಳ ಹಿಂದೆ ಹೋಯಿ ಆನ್ ಬಳಿ ಮುಳುಗಿದ ಹಡಗೊಂದರಿಂದ 1990ರ ದಶಕದ ಕೊನೆಯಲ್ಲಿ 2,40,000ಕ್ಕೂ ಹೆಚ್ಚು ಪಾತ್ರೆಗಳನ್ನು ಮೇಲೆತ್ತಿದರು. ಅವು ಸಂತೆಯ ಸರಕು. ಅವುಗಳಲ್ಲಿ ಅವಸರದ ಕೆಲಸವೂ ಬೇಕಾದಷ್ಟಿದೆ.

ಆದರೂ ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿರುವ ಒಂದು ಹೂಜಿ ನನ್ನ ವಾದಕ್ಕೆ ಸಾಕ್ಷಿ. ನಾಮ್ ಸಾಕ್ ಸೀಮೆಯ ಬುಯಿ ಮನೆತನದ ಕುಶಲಿಯೊಬ್ಬರು ವಿನೋದಕ್ಕೆ ಬರೆದದ್ದು ಎಂದು ಅದರ ಮೇಲಿನ ಬರಹಕ್ಕೆ ಅರ್ಥ ಮಾಡುತ್ತಾರೆ. ಕೊನೆಯ ಅಕ್ಷರಗಳನ್ನು ಹೆಂಗಸಿನ ಹೆಸರೆಂದು ಓದುವವರೂ ಉಂಟು. ಅಕ್ಷರಗಳು ಚೀನೀ, ಆದರೆ ಎಣಿಸಿದ ವರ್ಷ ಚೀನೀ ಚಕ್ರವರ್ತಿಯದಲ್ಲ, ವಿಯೆಟ್ನಾಮಿನ ಅರಸನ ಆಳ್ವಿಕೆಯ ಎಂಟನೆಯ ವರ್ಷ, ಅಂದರೆ 1450. ಪರರ ಸೈನ್ಯ ಹೋಗಿ ಆಗಿನ್ನೂ ಇಪ್ಪತ್ತಮೂರೇ ವರ್ಷ. ಸೈನ್ಯವನ್ನು ಕಳಿಸಿದವರು ಲಿಪಿಯನ್ನೂ ನೀಲಿಯನ್ನೂ ಉಳಿಸಿಕೊಂಡರು. ಕಾಲವನ್ನು ಮಾತ್ರ ತಮ್ಮದೆಂದು ಬರೆದರು.

ಎರವಲು ಎಷ್ಟೆಂದು ಲೆಕ್ಕ ಹಾಕುವುದು ಸುಲಭ. ತಂದದ್ದು ಯಾವ ಮಣ್ಣಿನ ಮೇಲೆ ಕುಳಿತು ಏನಾಯಿತೆಂದು ನೋಡುವುದೇ ವಿಮರ್ಶೆಯ ಕೆಲಸ. ಆ ಕೆಲಸವನ್ನು ನಾನು ಅಂದು ಮಾಡಿರಲಿಲ್ಲ.